ಮನೆಯ ಮರಗೆಲಸಕ್ಕೆ ಬ್ಯಾಂಡ್‌ಸಾ ಆರಿಸುವುದು ಹೇಗೆ?

ಬ್ಯಾಂಡ್‌ಸಾ ಅಂದರೆ ಪಟ್ಟಿಯಂಥ ಬ್ಲೇಡು ಸುತ್ತುವ ಗರಗಸದ ಮೆಷಿನ್. ನನ್ನ ಮೊದಲನೆಯದು 8 ಇಂಚಿನದು. ಫೋಟೋ ನೋಡಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಬಂದ ವಾರವೇ, ಊರಿಂದ ತಂದಿದ್ದ ಹಲಸಿನ ತುಂಡೊಂದನ್ನು ಸೀಳಿ ಪೆಟ್ಟಿಗೆಗೆ ತೆಳು ಹಲಗೆ ಮಾಡೋಣ ಅಂತ ನಿಂತೆ. ತುಂಡಿನ ಎತ್ತರ ಮೂರು ಇಂಚು. ಗೆರೆ ಹಾಕಿದ್ದೆ, ನಿಧಾನವಾಗಿಯೇ ತಳ್ಳುತ್ತಿದ್ದೆ. ಅರ್ಧ ದಾರಿಯಲ್ಲಿ ಮೋಟರ್‌ನ ಸದ್ದು ಇಳಿಯಿತು, ಮರ ಸುಟ್ಟ ವಾಸನೆ ಬಂತು. ಕೊನೆಗೆ ಎರಡು ಹೋಳು ಬಿಡಿಸಿ ನೋಡಿದರೆ ಒಂದು ನಡುವೆ ಉಬ್ಬಿದೆ, ಇನ್ನೊಂದು ಬಟ್ಟಲಿನಂತೆ ತಗ್ಗಿದೆ. ಮೇಲಿನ ಗೆರೆಯ ಮೇಲೆ ಬ್ಲೇಡು ನೇರವಾಗಿಯೇ ಹೋಗಿತ್ತು. ಒಳಗೆ ಮಾತ್ರ ಬಿಲ್ಲಿನಂತೆ ಬಾಗಿತ್ತು.

ನಮ್ಮ ಬೀದಿಯ ಆಚಾರ್ರು ಆ ಹೋಳುಗಳ ಮೇಲೆ ಹೆಬ್ಬೆರಳು ಸವರಿ ನೋಡಿ ಹೇಳಿದರು: "ಮೆಷಿನ್ದು ತಪ್ಪಿಲ್ಲ ಸಾರ್. ಯಾವ ಮರ ಕೊಯ್ತೀನಿ ಅಂತ ಮೊದ್ಲು ಬರ್ಕೊಬೇಕಿತ್ತು. ಆಮೇಲೆ ಅದಕ್ಕೆ ತಕ್ಕ ಮೆಷಿನ್ನು."

ಆ ಮಾತು ಹಿಡಿದುಕೊಂಡೇ ಎರಡನೇ ಸಲ ಆರಿಸಿದೆ. ಈಗ ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ 14 ಇಂಚಿನದೊಂದು ನಿಂತಿದೆ. ನೀವು ಎರಡು ಸಲ ದುಡ್ಡು ಹಾಕಬಾರದು ಅನ್ನುವುದೇ ನನ್ನ ಆಸೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬ್ಯಾಂಡ್‌ಸಾ ಏಕೆ ಬೇಕು

ಎರಡು ಚಕ್ರ, ಅವುಗಳ ಮೇಲೆ ಬೆಲ್ಟಿನಂತೆ ಸುತ್ತುವ ಹಲ್ಲಿನ ಉಕ್ಕಿನ ಪಟ್ಟಿ, ನಡುವೆ ಒಂದು ಟೇಬಲ್. ಬ್ಯಾಂಡ್‌ಸಾ ಅಂದರೆ ಇಷ್ಟೇ. ಬ್ಲೇಡು ಯಾವಾಗಲೂ ಕೆಳಮುಖವಾಗಿ ಓಡುವುದರಿಂದ ಮರವನ್ನು ಟೇಬಲ್ಲಿಗೆ ಒತ್ತುತ್ತದೆ. ವೃತ್ತಗರಗಸದ ಟೇಬಲ್‌ನಲ್ಲಿ ಮರ ಹಿಂದಕ್ಕೆ ಚಿಮ್ಮಿ ಹೊಟ್ಟೆಗೆ ಬಡಿಯುವ ಅಪಾಯವಿದೆಯಲ್ಲ, ಅದು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ದೊಡ್ಡ ಲಾಭ, ಬ್ಲೇಡು ತಿನ್ನುವ ಮರ ಕಡಿಮೆ. ವೃತ್ತಗರಗಸ ಸುಮಾರು 3 ಮಿ.ಮೀ. ಪುಡಿ ಮಾಡುತ್ತದೆ, ಬ್ಯಾಂಡ್‌ಸಾ ಸುಮಾರು 1 ಮಿ.ಮೀ. ಒಂದು ಲೆಕ್ಕ ಹಾಕಿ ನೋಡಿ. 50 ಮಿ.ಮೀ. ದಪ್ಪದ ತೇಗದ ಹಲಗೆ ಇದೆ. ಕೀಸುಳಿ ಹೊಡೆಯಲು ಬಿಡುವುದೂ ಸೇರಿ ತಲಾ 8 ಮಿ.ಮೀ. ಹೋಳು ಬೇಕು. ವೃತ್ತಗರಗಸದಲ್ಲಿ ನಾಲ್ಕು ಸಿಗುತ್ತವೆ. ಬ್ಯಾಂಡ್‌ಸಾದಲ್ಲಿ ಐದು. ಇವತ್ತಿನ ತೇಗದ ಬೆಲೆಯಲ್ಲಿ ಆ ಐದನೆಯ ಹೋಳು ಸಣ್ಣ ಮಾತಲ್ಲ, ಅಲ್ವಾ? ಅದೂ ಅಲ್ಲದೆ 10 ಇಂಚಿನ ವೃತ್ತಗರಗಸ ಒಂದು ಸಲಕ್ಕೆ ಮೂರು ಇಂಚಿಗಿಂತ ಸ್ವಲ್ಪ ಮೇಲೆ ಮಾತ್ರ ಕೊಯ್ಯುತ್ತದೆ. ಆರು ಇಂಚು ಅಗಲದ ಹಲಗೆ ನಿಲ್ಲಿಸಿ ಸೀಳಲು ಮನೆಯ ಕೋಣೆಯಲ್ಲಿ ಬ್ಯಾಂಡ್‌ಸಾ ಬಿಟ್ಟರೆ ಕೈಗರಗಸವೇ ಗತಿ.

1. ಮೊದಲು ಒಂದು ಹಾಳೆ, ಒಂದು ಟೇಪು

ಮೆಷಿನ್‌ಗಳ ವಿಡಿಯೋ ನೋಡುವುದನ್ನು ಒಂದು ವಾರ ನಿಲ್ಲಿಸಿ. ಹಾಳೆಯಲ್ಲಿ ಮೂರು ಸಂಗತಿ ಬರೆಯಿರಿ.

ಮೊದಲನೆಯದು, ಮುಂದಿನ ಒಂದು ವರ್ಷದಲ್ಲಿ ಏನೇನು ಮಾಡುತ್ತೀರಿ. ಮಕ್ಕಳ ಆಟಿಕೆ, ಚಿಕ್ಕ ಪೆಟ್ಟಿಗೆ, ಅಡುಗೆಮನೆಯ ಸೌಟು, ದೇವರ ಮಂಟಪ, ಕುರ್ಚಿ, ಲೇತಿಗೆ ಹಾಕುವ ಬಟ್ಟಲು. ಹೀಗೆ ಹೆಸರು ಹಿಡಿದು ಬರೆಯಿರಿ. "ಎಲ್ಲಾ ಮಾಡ್ತೀನಿ" ಅಂತ ಬರೆದರೆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು, ಯಾವ ಮರ. ಇದನ್ನು ಬಹಳ ಜನ ಬಿಡುತ್ತಾರೆ. ಬ್ಯಾಂಡ್‌ಸಾ ಬಗ್ಗೆ ಹೊರದೇಶದವರು ಬರೆದದ್ದನ್ನೆಲ್ಲ ಪೈನ್, ಮೇಪಲ್, ವಾಲ್‌ನಟ್ ಮರಗಳನ್ನು ಮನಸ್ಸಲ್ಲಿಟ್ಟು ಬರೆದಿರುತ್ತಾರೆ. ನಮ್ಮ ಕೈಗೆ ಸಿಗುವುದು ಬೇರೆ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ಮೆತ್ತಗೆ, ಸಣ್ಣ ಮೆಷಿನ್‌ಗೂ ಬೆಣ್ಣೆಯಂತೆ ಒಗ್ಗುತ್ತದೆ. ಕೊಡಗು, ಚಿಕ್ಕಮಗಳೂರು ತೋಟಗಳಿಂದ ಬರುವ ಸಿಲ್ವರ್ ಓಕ್ ಕೂಡ ಕಷ್ಟ ಕೊಡುವುದಿಲ್ಲ. ತೇಗ ಮುಟ್ಟಲು ನಯ, ಆದರೆ ಅದರೊಳಗೆ ಮರಳಿನ ಅಂಶವಾದ ಸಿಲಿಕಾ ಇದೆ. ಬ್ಲೇಡಿನ ಮೊನೆ ಬೇಗ ಸವೆಯುತ್ತದೆ. ಹಲಸು ಸರಿಯಾಗಿ ಒಣಗದಿದ್ದರೆ ಅದರ ಅಂಟು ಬ್ಲೇಡಿಗೂ ಚಕ್ರಕ್ಕೂ ಹತ್ತುತ್ತದೆ. ಹೊನ್ನೆ, ಮತ್ತಿ, ಹಳೆ ಮನೆಯಿಂದ ಕಿತ್ತ ತೊಲೆಗಳ ಒಣಗಿ ಕಲ್ಲಾದ ಚೇಗು (ಮರದ ಗಟ್ಟಿ ತಿರುಳು) ಕೊಯ್ಯಲು ನಿಜವಾದ ಶಕ್ತಿ ಬೇಕು. ಹಳೆ ತೊಲೆಯಲ್ಲಿ ಮುರಿದ ಮೊಳೆ ಅಡಗಿರುತ್ತದೆ. ಒಂದು ಮೊಳೆ ಸಾಕು, ಬ್ಲೇಡು ಮುಗಿಯಿತು. ಕೊಯ್ಯುವ ಮುಂಚೆ ಅಯಸ್ಕಾಂತ ಸವರಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಮೂರನೆಯದು ಒಂದೇ ಒಂದು ಅಂಕಿ. ನೀವು ನಿಲ್ಲಿಸಿ ಸೀಳಬೇಕಾದ ಅತಿ ಎತ್ತರದ ಹಲಗೆ ಎಷ್ಟು ಇಂಚು? ಮನೆಯಲ್ಲಿ ಈಗಿರುವ ಮರಕ್ಕೆ ಟೇಪು ಹಿಡಿದು ಅಳೆಯಿರಿ. ನನ್ನದು 7 ಇಂಚು ಬಂತು. ಆ ಒಂದು ಅಂಕಿಯೇ ಅರ್ಧಕ್ಕರ್ಧ ಮೆಷಿನ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿತು.

2. ಅರಣ್ಯ ಇಲಾಖೆಯ ಮಾತು

ಇದನ್ನು ದುಡ್ಡು ಕೊಡುವ ಮುಂಚೆಯೇ ಮುಗಿಸಿಕೊಳ್ಳಿ. ದಿಮ್ಮಿ ಕೊಯ್ಯುವ ಸಾಮಿಲ್ ನಡೆಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಕಾಡು ಉಳಿಸಲು ಹೂಡಿದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ದೇಶದಲ್ಲೆಲ್ಲ ಸಾಮಿಲ್‌ಗಳ ಮೇಲೆ ಹಿಡಿತ ಬಿಗಿಯಾಯಿತು. 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮರ ಆಧಾರಿತ ಉದ್ದಿಮೆಗಳಿಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಡಿಪೋದಿಂದ ಬಿಲ್ ಸಮೇತ ತಂದ ಹಲಗೆಯನ್ನು ಹವ್ಯಾಸಕ್ಕೆ ಸೀಳುವುದು ಬೇರೆ, ತೋಟದ ದುಂಡು ದಿಮ್ಮಿ ತಂದು ಮನೆಯಲ್ಲಿ ಹಲಗೆ ಮಾಡುವುದು ಬೇರೆ. ಎರಡನೆಯದು ಸಾಮಿಲ್ ಕೆಲಸದ ಲೆಕ್ಕಕ್ಕೆ ಬರುತ್ತದೆ. ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಕೊಳ್ಳಲಿರುವ ಮೆಷಿನ್‌ನ ಗಾತ್ರ ಹೇಳಿ, ಕೇಳಿಕೊಂಡು ಬನ್ನಿ. ಮರ ಕೊಂಡ ಪ್ರತಿ ಬಿಲ್ಲನ್ನೂ ಒಂದು ಫೈಲಿನಲ್ಲಿ ಇಡಿ.

3. ನಿಮ್ಮ ಮನೆಯ ಕರೆಂಟು

ಮನೆಗಳಿಗೆ ಸಾಮಾನ್ಯವಾಗಿ ಬರುವುದು ಸಿಂಗಲ್ ಫೇಸ್, 230 ವೋಲ್ಟ್, 50 ಹರ್ಟ್ಸ್. ಸಾಮಿಲ್‌ನವರು ಮಾರುವ ಹಳೆ ಮೆಷಿನ್‌ಗಳಲ್ಲಿ ಬಹುಪಾಲು ತ್ರೀ ಫೇಸ್. ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಮೋಟರ್ ಬದಲಿಸುವ ಖರ್ಚು ಬೀಳುತ್ತದೆ. ಮೊದಲೇ ಕೇಳಿ.

1 ಎಚ್‌ಪಿ ಅಂದರೆ 746 ವ್ಯಾಟ್. ಒಂದೂವರೆ ಎಚ್‌ಪಿ ಮೋಟರ್ ಪೂರ್ತಿ ಭಾರದಲ್ಲಿ ಸುಮಾರು 7ರಿಂದ 9 ಆಂಪ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಹಾಗಾಗಿ ಗೋಡೆಯ 5 ಆಂಪ್ ಪ್ಲಗ್ಗಿಗೆ ಖಂಡಿತ ಹಾಕಬೇಡಿ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ. 2.5 ಚದರ ಮಿ.ಮೀ. ತಾಮ್ರದ ವೈರು, ಶೆಡ್ಡು ದೂರವಿದ್ದರೆ 4. ಜೊತೆಗೆ 16 ಆಂಪ್ ಸಾಕೆಟ್, ಮೋಟರ್‌ಗೆ ಹೊಂದುವ ಸಿ ಮಾದರಿಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್. ಎಲೆಕ್ಟ್ರಿಷಿಯನ್ ಬಂದಾಗ ಪಕ್ಕದಲ್ಲೇ ನಿಂತು ಮಾಡಿಸಿ.

ಹಳ್ಳಿಯಲ್ಲಿ ಇರುವವರಿಗೆ ಒಂದು ಮಾತು. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವುದು ಹೊಸದೇನಲ್ಲ. ಇಂಥ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿರುವ ಇಂಡಕ್ಷನ್ ಮೋಟರ್‌ನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 180 ವೋಲ್ಟ್ ಅಂದರೆ ಮೋಟರ್‌ನ ಬಲ ಶೇಕಡಾ 60ರ ಆಸುಪಾಸಿಗೆ ಬಂತು ಅಂತ ಲೆಕ್ಕ. ಕೊಯ್ಯುವಾಗ ಮೆಷಿನ್ ನಿಂತರೆ ಬ್ಲೇಡಿನ ಮೇಲೆ ಸಿಟ್ಟಾಗುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ.

ಅಮೆರಿಕದಿಂದ ವಾಪಸ್ ಬರುವ ನಮ್ಮವರು ಅಲ್ಲಿಯ ಬ್ಯಾಂಡ್‌ಸಾವನ್ನೂ ಸಾಮಾನಿನ ಜೊತೆ ತರೋಣವೇ ಅಂತ ಕೇಳುತ್ತಾರೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ 110 ವೋಲ್ಟಿನ ಸಮಸ್ಯೆ ಹೋಗುತ್ತದೆ, ಆದರೆ ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸಿನ ಮೋಟರ್ 50ರಲ್ಲಿ ಆರನೇ ಒಂದು ಪಾಲು ನಿಧಾನವಾಗುತ್ತದೆ, ಬಿಸಿಯೂ ಆಗುತ್ತದೆ. ಮೆಷಿನ್‌ನ ಮೇಲೆ ಪ್ರೀತಿ ಇದ್ದರೆ ತನ್ನಿ. ಮೋಟರ್ ಮಾತ್ರ ಇಲ್ಲಿಯದನ್ನೇ ಕೂರಿಸಿ.

4. ಗಾತ್ರ: ಇಂಚು ಯಾವುದರದ್ದು?

14 ಇಂಚಿನ ಬ್ಯಾಂಡ್‌ಸಾ ಅಂದರೆ ಚಕ್ರದ ವ್ಯಾಸ 14 ಇಂಚು. ಬ್ಲೇಡಿಗೂ ಕಂಬಕ್ಕೂ ನಡುವಿನ ಜಾಗ ಅದಕ್ಕಿಂತ ಸ್ವಲ್ಪ ಕಡಿಮೆ, ಹದಿಮೂರೂವರೆಯ ಹತ್ತಿರ. ಹಲಗೆಯನ್ನು ಎಷ್ಟು ಅಗಲ ತಿರುಗಿಸಬಹುದು ಅನ್ನುವುದನ್ನು ಇದು ಹೇಳುತ್ತದೆ.

ಎಷ್ಟು ಎತ್ತರ ಕೊಯ್ಯಬಹುದು ಅನ್ನುವುದು ಬೇರೆಯೇ ಅಳತೆ. ಮೇಲಿನ ಗೈಡ್ (ಬ್ಲೇಡು ಆಚೀಚೆ ಸರಿಯದಂತೆ ಹಿಡಿಯುವ ಭಾಗ) ಪೂರ್ತಿ ಎತ್ತಿದಾಗ ಟೇಬಲ್ಲಿನಿಂದ ಅದಕ್ಕಿರುವ ದೂರ ಅದು. ಹಳೆ ಮಾದರಿಯ, ಎರಡು ತುಂಡಾಗಿ ಎರಕ ಹೊಯ್ದ ಕಬ್ಬಿಣದ 14 ಇಂಚಿನ ಮೆಷಿನ್‌ನಲ್ಲಿ ಇದು 6 ಇಂಚು ಮಾತ್ರ. ನಡುವೆ ಒಂದು ಎತ್ತರದ ಕಬ್ಬಿಣದ ತುಂಡು ಸೇರಿಸಿ 12ಕ್ಕೆ ಏರಿಸುತ್ತಾರೆ. ಈಗ ಬರುವ, ಉಕ್ಕಿನ ತಗಡು ಬಾಗಿಸಿ ಬೆಸೆದ ಪೆಟ್ಟಿಗೆ ಕಂಬದ ಮೆಷಿನ್‌ಗಳಲ್ಲಿ ಮೊದಲಿನಿಂದಲೇ ಜಾಸ್ತಿ ಎತ್ತರ ಇರುತ್ತದೆ. ಮಾರುವವರು 14 ಅನ್ನು ದೊಡ್ಡದಾಗಿ ಹೇಳುತ್ತಾರೆ. ನೀವು ಎತ್ತರ ಕೇಳಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 8, 9 ಇಂಚಿನವು ಆಟಿಕೆ, ತೆಳು ಹಲಗೆಯ ಡೊಂಕು ಕೆಲಸಕ್ಕೆ ಸಾಕು. ಬೇರೇನೂ ಬೇಡ ಅನ್ನುವವರು ಧೈರ್ಯವಾಗಿ ತೆಗೆದುಕೊಳ್ಳಿ, ಅದು ತಪ್ಪು ಆಯ್ಕೆಯಲ್ಲ. 10, 12 ಇಂಚಿನವು ಜಾಗ ಕಡಿಮೆ ಇರುವವರಿಗೆ, ನಾಲ್ಕೈದು ಇಂಚು ಎತ್ತರ ಸೀಳುವವರಿಗೆ. ತೇಗ, ಹಲಸು, ಹೊನ್ನೆಯಲ್ಲಿ ಪೀಠೋಪಕರಣ ಮಾಡಬೇಕು ಅಂದರೆ 14 ಇಂಚಿಗಿಂತ ಕೆಳಗೆ ಇಳಿಯಬೇಡಿ. 16, 18 ಇಂಚಿನದು ಇನ್ನೂ ಚೆನ್ನ, ಆದರೆ ಅದರ ಭಾರ ಹೊತ್ತು ಶೆಡ್ಡಿನೊಳಗೆ ತರುವುದೇ ಒಂದು ದಿನದ ಕೆಲಸ.

ಇಲ್ಲಿ ಒಂದು ವಿಷಯಕ್ಕೆ ಒತ್ತು ಕೊಡಬೇಕು, ಅದು ಕಂಬದ ಗಟ್ಟಿತನ. ನನ್ನ ಹಲಸಿನ ಹೋಳು ಬಟ್ಟಲಾದದ್ದಕ್ಕೆ ಇದೂ ಒಂದು ಕಾರಣ. ಬ್ಲೇಡು ನೇರ ಹೋಗಬೇಕಾದರೆ ತಂಬೂರಿ ತಂತಿಯಂತೆ ಬಿಗಿಯಾಗಿರಬೇಕು. ಬ್ಲೇಡು ಅಗಲವಾದಷ್ಟೂ ಬಿಗಿ ಜಾಸ್ತಿ ಬೇಕು. ಆ ಎಳೆತವನ್ನೆಲ್ಲ ತಡೆಯುವುದು ಹಿಂದಿನ ಕಂಬ. ಸಣ್ಣ ಮೆಷಿನ್‌ನ ಕಂಬ ಬಗ್ಗುತ್ತದೆ, ಬ್ಲೇಡು ಸಡಿಲವೇ ಉಳಿಯುತ್ತದೆ. ಪುಸ್ತಿಕೆಯಲ್ಲಿ "ಮುಕ್ಕಾಲು ಇಂಚಿನ ಬ್ಲೇಡು ಹಾಕಬಹುದು" ಅಂತ ಬರೆದಿರುತ್ತದೆ. ಹಾಕಬಹುದು ನಿಜ, ಸರಿಯಾಗಿ ಬಿಗಿಯಲು ಆಗುವುದಿಲ್ಲ. 14 ಇಂಚಿನ ಸಾಧಾರಣ ಮೆಷಿನ್‌ಗೆ ಅರ್ಧ ಇಂಚಿನ ಬ್ಲೇಡೇ ಒಳ್ಳೆಯ ಜೊತೆ.

5. ಮೋಟರ್ ಮತ್ತು ವೇಗ

ನಾಲ್ಕು ಇಂಚಿನೊಳಗಿನ ಕೆಲಸಕ್ಕೆ ಅರ್ಧದಿಂದ ಮುಕ್ಕಾಲು ಎಚ್‌ಪಿ. ಆರು ಇಂಚು ಗಟ್ಟಿ ಮರಕ್ಕೆ ಒಂದರಿಂದ ಒಂದೂವರೆ. ಹತ್ತು ಇಂಚು ದಾಟಿದರೆ ಎರಡು. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊಂಡು ಬ್ಲೇಡು ಹಾಕಿದರೆ ಮೂರು ಎಚ್‌ಪಿಯೂ ಸೋಲುತ್ತದೆ.

ವೇಗದ ವಿಷಯದಲ್ಲಿ ಮಾತ್ರ ಎಚ್ಚರ. ಮರಕ್ಕೆ ಬ್ಲೇಡು ನಿಮಿಷಕ್ಕೆ ಸುಮಾರು 3000 ಅಡಿ ಓಡಬೇಕು, ಅಂದರೆ ಸೆಕೆಂಡಿಗೆ 15 ಮೀಟರ್. ವರ್ಕ್‌ಶಾಪ್‌ಗಳಲ್ಲಿ ಕಬ್ಬಿಣ ಕೊಯ್ಯಲು ಇಡುವ ಬ್ಯಾಂಡ್‌ಸಾ ಇದರ ಹತ್ತನೇ ಒಂದು ಪಾಲಿಗಿಂತ ನಿಧಾನ. ಹೆಸರು ಒಂದೇ, ಜಾತಿ ಬೇರೆ. ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಇಂಥದ್ದೇ. ಮರಕ್ಕೆ ಅದು ಬೇಡ.

6. ಅಂಗಡಿಯಲ್ಲಿ ಕೈಯಿಟ್ಟು ನೋಡಿ

ಬ್ಯಾಂಡ್‌ಸಾವನ್ನು ಮುಟ್ಟದೆ ಕೊಳ್ಳಬೇಡಿ. ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮರಗೆಲಸದ ಯಂತ್ರಗಳ ಇಂಡಿಯಾವುಡ್ ಮೇಳ ನಡೆಯುತ್ತದೆ. ಅಲ್ಲಿ ಹತ್ತಾರು ಮೆಷಿನ್‌ಗಳನ್ನು ಒಂದೇ ದಿನ ನೋಡಬಹುದು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ಯಂತ್ರಗಳ ತರಬೇತಿ ಕೇಂದ್ರವೂ ಇದೆ. ಇವೆರಡೂ ಆಗದಿದ್ದರೆ ಹತ್ತಿರದಲ್ಲಿ ಮೆಷಿನ್ ಇಟ್ಟವರ ಮನೆಗೆ ಹೋಗಿ. ಮರಗೆಲಸದ ಹುಚ್ಚು ಇರುವವರು ಯಾರೂ ಬರಬೇಡಿ ಅನ್ನುವುದಿಲ್ಲ.

ಪ್ಲಗ್ ತೆಗೆಸಿ, ಬಾಗಿಲು ತೆರೆಯಿರಿ. ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ. ಬದಿಗೆ ಓಲಾಡುತ್ತಿದೆಯೇ? ಚಕ್ರವನ್ನು ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಹೋಗಿದೆ. ಚಕ್ರದ ಅಂಚಿಗೆ ಹಾಕಿದ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಮೂಡಿ ಮಾಯವಾದರೆ ಜೀವ ಇದೆ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಮೇಲಿನ ಗೈಡ್ ಕಂಬವನ್ನು ಪೂರ್ತಿ ಏರಿಸಿ, ಪೂರ್ತಿ ಇಳಿಸಿ. ಗೈಡಿಗೂ ಬ್ಲೇಡಿಗೂ ಇರುವ ಅಂತರ ಏರಿಸಿದಾಗಲೂ ಇಳಿಸಿದಾಗಲೂ ಒಂದೇ ಇರಬೇಕು. ಅಗ್ಗದ ಮೆಷಿನ್‌ಗಳು ಇಲ್ಲೇ ಸೋಲುತ್ತವೆ. ಎತ್ತರ ಬದಲಿಸಿದಾಗಲೆಲ್ಲ ಗೈಡ್ ಸರಿಮಾಡುವುದು ದಿನನಿತ್ಯದ ಕಾಟವಾಗುತ್ತದೆ. ಗೈಡ್ ಬೇರಿಂಗಿನದೋ ಸೆರಾಮಿಕ್ಕಿನದೋ ಅನ್ನುವುದು ನನ್ನ ಮಟ್ಟಿಗೆ ಎರಡನೇ ಪ್ರಶ್ನೆ. ಸುಲಭವಾಗಿ ಸರಿಸಿ ಬಿಗಿಯಲು ಬರಬೇಕು, ಬಿಗಿದ ಮೇಲೆ ಅಲುಗಬಾರದು.

ಟೇಬಲ್ ಎರಕದ ಕಬ್ಬಿಣದ್ದಿರಲಿ. ಅದರ ಮೇಲೆ ಎರಡೂ ಕೈ ಊರಿ ಭಾರ ಹಾಕಿ. ಓರೆಯಾಗಿಸುವ ಭಾಗ ಕುಯ್ಯೋ ಅನ್ನಬಾರದು, ಬಗ್ಗಬಾರದು. ಫೆನ್ಸ್, ಅಂದರೆ ಹಲಗೆ ಒರಗಿಸಿ ನೇರ ತಳ್ಳುವ ಪಟ್ಟಿಯನ್ನು ಬಿಗಿದು ತುದಿಯನ್ನು ತಳ್ಳಿ ನೋಡಿ. ಫೆನ್ಸ್ ಕೆಟ್ಟದಾಗಿದ್ದರೆ ಚಿಂತೆಯಿಲ್ಲ, ನೇರವಾದ ಒಂದು ಮರದ ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಕೆಲಸ ಮಾಡಬಹುದು. ಕಂಬ, ಚಕ್ರ, ಟೇಬಲ್ ಕೆಟ್ಟದಾಗಿದ್ದರೆ ಮಾತ್ರ ದಾರಿಯಿಲ್ಲ.

ಈಗ ಮೆಷಿನ್ ಚಾಲೂ ಮಾಡಿಸಿ. ಟೇಬಲ್ ಮೇಲೆ ಹಳೆಯ ದಪ್ಪ ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ. ನಿಂತೇ ಇದ್ದರೆ ಚಕ್ರಗಳ ತೂಕ ಸಮವಾಗಿದೆ. ಬಿದ್ದರೆ ಗಾಬರಿ ಬೇಡ, ನೆಲ ಸಮವಿಲ್ಲದಿರಬಹುದು, ಬೆಲ್ಟ್ ಹಳೆಯದಿರಬಹುದು. ಆದರೆ ನಾಣ್ಯ ಬಿದ್ದದ್ದಷ್ಟೇ ಅಲ್ಲದೆ ಕುಣಿದುಕೊಂಡು ಟೇಬಲ್ ದಾಟಿ ಹೋದರೆ ಕಾರಣ ಕೇಳಿ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ನಾಣ್ಯ ಮೊದಲು ಬಿತ್ತು. ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಇಟ್ಟ ಮೇಲೆ ನಿಂತಿತು. ಮಾರುವವರೂ ನಾನೂ ಮೆಷಿನ್ ನಿಲ್ಲಿಸುವವರೆಗೆ ಅದನ್ನೇ ನೋಡುತ್ತಾ ನಿಂತಿದ್ದೆವು.

ಚಕ್ರಗಳಿಗೆ ಬಾಗಿಲೇ ಇಲ್ಲದ ಮೆಷಿನ್‌ಗಳನ್ನು ಈಗಲೂ ಮಾರುತ್ತಾರೆ. ಬ್ಲೇಡು ತುಂಡಾದರೆ ಆ ಪಟ್ಟಿ ಎತ್ತ ಹಾರುತ್ತದೆ ಅಂತ ಯಾರೂ ಹೇಳಲಾರರು. ಮಕ್ಕಳು ಓಡಾಡುವ ಮನೆ ನಮ್ಮದು. ಕೊಂಡರೆ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ತಗಡಿನ ಬಾಗಿಲು ಮಾಡಿಸಿದ ಮೇಲೆಯೇ ಸ್ವಿಚ್ ಒತ್ತಿ.

7. ಬ್ಲೇಡು: ದುಡ್ಡು ಇಲ್ಲಿಗೆ ಉಳಿಸಿ

ಒಟ್ಟು ದುಡ್ಡಿನಲ್ಲಿ ಐದನೇ ಒಂದು ಪಾಲನ್ನು ಬ್ಲೇಡು ಮತ್ತು ವೈರಿಂಗಿಗೆ ಎತ್ತಿಡಿ. ಮೆಷಿನ್ ಜೊತೆ ಬರುವ ಬ್ಲೇಡಿನಿಂದ ಮೆಷಿನ್‌ನ ಯೋಗ್ಯತೆ ಅಳೆಯಬೇಡಿ. ಅದು ಹೆಚ್ಚಾಗಿ ಸುಮಾರಾಗಿರುತ್ತದೆ.

ಅಗಲವನ್ನು ತಿರುವು ನೋಡಿ ಆರಿಸಬೇಕು. ಕಾಲು ಇಂಚಿನ ಬ್ಲೇಡು 16 ಮಿ.ಮೀ. ತ್ರಿಜ್ಯದವರೆಗೆ ತಿರುಗುತ್ತದೆ, ಅಂದರೆ ಬಳೆಗಿಂತ ಚಿಕ್ಕ ವೃತ್ತ. 3/8 ಇಂಚಿನದು ಸುಮಾರು 36 ಮಿ.ಮೀ. ಅರ್ಧ ಇಂಚಿನದು 63. ಮುಕ್ಕಾಲು ಇಂಚಿನದಕ್ಕೆ 138 ಬೇಕು. ಅರೆಕಾಲು ಇಂಚಿನ ಬ್ಲೇಡು ಬರೀ 5 ಮಿ.ಮೀ. ತಿರುವಿನಲ್ಲೂ ಹೋಗುತ್ತದೆ, ಆದರೆ ಬೇಗ ತುಂಡಾಗುತ್ತದೆ. ಇದಕ್ಕಿಂತ ಬಿಗಿಯಾಗಿ ತಿರುಗಿಸಲು ಹೋದರೆ ಬ್ಲೇಡು ತಿರುಚಿ ಚಕ್ರದಿಂದ ಜಾರುತ್ತದೆ.

ಹಲ್ಲಿನ ಲೆಕ್ಕ ಟಿಪಿಐನಲ್ಲಿ, ಅಂದರೆ ಒಂದು ಇಂಚಿಗೆ ಎಷ್ಟು ಹಲ್ಲು. ಹಲ್ಲು ಜಾಸ್ತಿ ಇದ್ದರೆ ನುಣುಪು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದಪ್ಪ ಮರದಲ್ಲಿ ಅದು ಉಲ್ಟಾ. ಹಲ್ಲುಗಳ ನಡುವಿನ ಗುಳಿಯಲ್ಲಿ ಪುಡಿ ತುಂಬಿಕೊಳ್ಳುತ್ತದೆ, ಹೊರಗೆ ಬರಲು ಜಾಗವಿಲ್ಲ, ಬ್ಲೇಡು ಬಿಸಿಯಾಗಿ ಬಾಗುತ್ತದೆ. ನನ್ನ ಆ ಹಲಸಿನ ದಿನ ಮೆಷಿನ್‌ನಲ್ಲಿದ್ದದ್ದು 14 ಟಿಪಿಐ. ಮೂರು ಇಂಚಿನಲ್ಲಿ 42 ಹಲ್ಲು ಒಟ್ಟಿಗೆ ಕಚ್ಚುತ್ತಿದ್ದವು. ಯಾವಾಗಲೂ ಕನಿಷ್ಠ 3 ಹಲ್ಲು ಮರದೊಳಗೆ ಇರಬೇಕು, 24 ದಾಟಬಾರದು. ದಪ್ಪ ಸೀಳಲು 3 ಟಿಪಿಐ, ದಿನದ ಕೆಲಸಕ್ಕೆ 4ರಿಂದ 6, ತೆಳು ಹಲಗೆಯ ಸೂಕ್ಷ್ಮ ತಿರುವಿಗೆ 10ರಿಂದ 14.

ದಪ್ಪವನ್ನೂ ನೋಡಿ. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲಿ ಒಂದು ಪಾಲು ಮೀರಬಾರದು ಅನ್ನುವುದು ಹಳೆಯ ಲೆಕ್ಕ. 14 ಇಂಚಿಗೆ ಸುಮಾರು 0.36 ಮಿ.ಮೀ. ಪೇಟೆಯಲ್ಲಿ ಸಿಗುವ ಅರ್ಧ ಇಂಚಿನ ಬ್ಲೇಡು ಹೆಚ್ಚಾಗಿ 0.6ರ ಆಸುಪಾಸು. ಸಣ್ಣ ಚಕ್ರದ ಮೇಲೆ ದಪ್ಪ ಬ್ಲೇಡು ಸುತ್ತಿ ಸುತ್ತಿ, ಮಡಚಿ ಬಿಚ್ಚಿದ ತಂತಿಯಂತೆ, ಬಿರುಕು ಬಿಡುತ್ತದೆ. ಮೆಷಿನ್ ಚಿಕ್ಕದಾದಷ್ಟೂ ತೆಳು ಬ್ಲೇಡು ಕೇಳಿ ತರಿಸಿ.

ಬೆಸುಗೆ ಬ್ಲೇಡಿನ ಪ್ರಾಣ. 1809ರಲ್ಲೇ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಬ್ಯಾಂಡ್‌ಸಾಗೆ ಪೇಟೆಂಟ್ ಪಡೆದಿದ್ದ. ಆದರೂ ಅದು ಕೆಲಸಕ್ಕೆ ಬರಲಿಲ್ಲ, ಗಟ್ಟಿ ಬ್ಲೇಡು ಮಾಡಲು ಯಾರಿಗೂ ಆಗಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪಿನ್ ಎಂಬ ಹೆಣ್ಣುಮಗಳು ಬೆಸೆಯುವ ವಿಧಾನಕ್ಕೆ ಪೇಟೆಂಟ್ ಕೇಳಿದ ಮೇಲೆ ಈ ಯಂತ್ರಕ್ಕೆ ದಾರಿ ಆಯಿತು. ಇವತ್ತೂ ಅದೇ ಮಾತು. ನಮ್ಮಲ್ಲಿ ಬ್ಲೇಡು ಸುರುಳಿಯಲ್ಲಿ ಬರುತ್ತದೆ, ಬೇಕಾದ ಉದ್ದಕ್ಕೆ ಕತ್ತರಿಸಿ ಬೆಸೆದು ಕೊಡುತ್ತಾರೆ. ಹೊಸ ಬ್ಲೇಡು ಕೈಗೆ ಬಂದಾಗ ಬೆಸುಗೆಯ ಜಾಗದ ಬೆನ್ನಿನ ಮೇಲೆ ಬೆರಳು ಸವರಿ. ಗಂಟು ತಗುಲಬಾರದು. ತಗುಲಿದರೆ ಪ್ರತಿ ಸುತ್ತಿಗೂ ಟಿಕ್ ಟಿಕ್ ಅನ್ನುತ್ತದೆ, ಹಲಗೆಯ ಮೇಲೆ ಗೆರೆ ಬೀಳುತ್ತದೆ. ಹಿಂದಿರುಗಿಸಿ. ಮೆಷಿನ್ ಕೊಳ್ಳುವ ಮುಂಚೆಯೇ ಅದರ ಬ್ಲೇಡಿನ ಉದ್ದ ಕೇಳಿಕೊಂಡು, ಆ ಉದ್ದಕ್ಕೆ ಬೆಸೆದು ಕೊಡುವವರು ನಿಮ್ಮ ಊರಿಗೆ ಹತ್ತಿರ ಇದ್ದಾರೆಯೇ ಅಂತ ನೋಡಿ. ಹಳೆ ಮಾದರಿಯ 14 ಇಂಚಿನದಕ್ಕೆ ತೊಂಬತ್ತಮೂರೂವರೆ ಇಂಚು, ಎತ್ತರ ಹೆಚ್ಚಿಸಿದ್ದಕ್ಕೆ 105.

ಶುರುವಿಗೆ ಎರಡೇ ಬ್ಲೇಡು ಸಾಕು. ಅರ್ಧ ಇಂಚು 3 ಟಿಪಿಐ ಒಂದು, ಕಾಲು ಇಂಚು 6 ಟಿಪಿಐ ಒಂದು. ಮೊದಲನೆಯದನ್ನು ಎರಡು ತೆಗೆದುಕೊಂಡರೆ ಇನ್ನೂ ಒಳ್ಳೆಯದು.

8. ಜಾಗ ಮತ್ತು ಧೂಳು

ಮೆಷಿನ್ ಎರಡಡಿ ಜಾಗದಲ್ಲಿ ನಿಲ್ಲುತ್ತದೆ. ಆದರೆ ಐದಡಿ ಹಲಗೆ ಕೊಯ್ಯಲು ಮುಂದೆ ಐದಡಿ, ಹಿಂದೆ ಐದಡಿ ಬೇಕು. ಕಾರ್ ಶೆಡ್ಡಿನಲ್ಲಿ ಬಾಗಿಲಿಗೆ ನೇರವಾಗಿ ನಿಲ್ಲಿಸಿದರೆ ಉದ್ದದ ಹಲಗೆ ಹೊರಗೆ ಚಾಚಬಹುದು. ಗಾಲಿ ಹಾಕಿಸುವುದಾದರೆ ಬ್ರೇಕ್ ಇರುವ ಗಾಲಿ.

ಧೂಳನ್ನು ಸಸಾರ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ. 4 ಇಂಚಿನ ಧೂಳುಕೊಳವೆ ಇರುವ ಮೆಷಿನ್ ಆರಿಸಿ, ಧೂಳು ಎಳೆಯುವ ಯಂತ್ರ ಜೋಡಿಸಿ. ಅದು ಬರುವವರೆಗೆ ಎನ್95 ಮಾಸ್ಕ್, ತೆರೆದ ಬಾಗಿಲು, ಫ್ಯಾನು.

9. ಮನೆಗೆ ಬಂದ ದಿನ

ಪ್ಲಗ್ ತೆಗೆದಿರುವಾಗಲೇ ಇದಿಷ್ಟೂ ಮಾಡಿ. ಗೈಡ್‌ಗಳನ್ನೆಲ್ಲ ದೂರ ಸರಿಸಿ ಬ್ಲೇಡು ಹಾಕಿ, ಹಲ್ಲು ಕೆಳಮುಖವಾಗಿರಲಿ. ಬಿಗಿ ಕೊಡಿ. ಗೈಡನ್ನು 6 ಇಂಚು ಎತ್ತರಕ್ಕೆ ಇಟ್ಟು ಬ್ಲೇಡನ್ನು ಬೆರಳಿನಿಂದ ಬದಿಗೆ ಒತ್ತಿ. ಸಾಧಾರಣ ಒತ್ತಿಗೆ ಕಾಲು ಇಂಚಿಗಿಂತ ಹೆಚ್ಚು ಸರಿಯಬಾರದು. ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ಮೇಲಿನ ಚಕ್ರದ ವಾಲುವಿಕೆ ಹೊಂದಿಸಿ, ಬ್ಲೇಡು ರಬ್ಬರಿನ ನಡುವೆ ಓಡುವಂತೆ ಮಾಡಿ. ಅದಾದ ಮೇಲೆ ಬದಿಯ ಗೈಡ್‌ಗಳನ್ನು ಒಂದು ಹಾಳೆಯ ದಪ್ಪ ಬಿಟ್ಟು ಹತ್ತಿರ ತನ್ನಿ. ಅವು ಹಲ್ಲಿನ ಗುಳಿಗಿಂತ ಸ್ವಲ್ಪ ಹಿಂದೆ ಇರಬೇಕು, ಹಲ್ಲಿಗೆ ತಗುಲಿದರೆ ಮೊನೆ ಹೋಗುತ್ತದೆ. ಹಿಂದಿನ ಬೇರಿಂಗು ಸುಮ್ನೆ ಓಡುವಾಗ ತಿರುಗಬಾರದು, ಮರ ತಳ್ಳಿದಾಗ ಮಾತ್ರ ತಿರುಗಬೇಕು.

ಟೇಬಲ್ ಮೂಲೆಮಟ್ಟ ಇದೆಯೇ ಅಂತ ನೋಡಲು ಒಂದು ಸುಲಭ ಉಪಾಯ. ದಪ್ಪ ಮರದ ತುಂಡಿನ ಅಂಚಿಗೆ ಅರ್ಧ ಇಂಚು ಕೊಯ್ದು ಮೆಷಿನ್ ನಿಲ್ಲಿಸಿ. ತುಂಡನ್ನು ಬ್ಲೇಡಿನ ಹಿಂಬದಿಗೆ ತಂದು, ಮೇಲಿನ ಮುಖವೇ ಕೆಳಗಾಗುವಂತೆ ಮಗುಚಿ, ಅದೇ ಸೀಳಿಗೆ ಬ್ಲೇಡಿನ ಬೆನ್ನನ್ನು ಸೇರಿಸಿ. ಸಲೀಸಾಗಿ ಒಳಗೆ ಹೋದರೆ 90 ಡಿಗ್ರಿ. ಮೇಲೆ ಅಥವಾ ಕೆಳಗೆ ತಡೆದರೆ ಟೇಬಲ್ ಓರೆ ಇದೆ.

ಕೊಯ್ಯುವಾಗ ಮೇಲಿನ ಗೈಡ್ ಮರಕ್ಕಿಂತ ಕಾಲು ಇಂಚು ಮಾತ್ರ ಮೇಲಿರಲಿ. ಕನ್ನಡಕ ಹಾಕಿ, ಕೈಗವಸು ಬೇಡ, ಉದ್ದ ತೋಳು ಮಡಿಸಿ. ಕೊನೆಯ ಎರಡು ಇಂಚು ತಳ್ಳಲು ಕೋಲು ಬಳಸಿ, ಹೆಬ್ಬೆರಳು ಬ್ಲೇಡಿನ ದಾರಿಯಲ್ಲಿ ಎಂದೂ ಇರಬಾರದು. ದುಂಡು ಕೊಂಬೆಯನ್ನು ಬರಿಗೈಯಲ್ಲಿ ಹಿಡಿದು ಕೊಯ್ಯಬೇಡಿ. ಬ್ಲೇಡು ಕಚ್ಚಿದ ಕೂಡಲೇ ಅದು ಉರುಳುತ್ತದೆ, ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ ಮೇಲೆಯೇ ತಳ್ಳಿ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಟೇಬಲ್ ಎರಡೇ ದಿನದಲ್ಲಿ ಕೆಂಪಾಗುತ್ತದೆ. ವಾರಕ್ಕೊಮ್ಮೆ ಮೇಣ ತೆಳುವಾಗಿ ಉಜ್ಜಿ. ಬ್ಲೇಡಿಗೆ ಹತ್ತಿದ ಹಲಸಿನ ಅಂಟನ್ನು, ಬ್ಲೇಡು ಬಿಚ್ಚಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಒಣಗಿಸಿ. ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸಿ, ರಬ್ಬರೂ ಸ್ಪ್ರಿಂಗೂ ಹೆಚ್ಚು ಕಾಲ ಬಾಳುತ್ತವೆ. ಸಡಿಲಿಸಿದ್ದು ಮರೆತು ಮರುದಿನ ಸ್ವಿಚ್ ಒತ್ತಿದರೆ ಬ್ಲೇಡು ಚಕ್ರದಿಂದ ಹಾರುತ್ತದೆ. ನಾನು ಒಂದು ರಟ್ಟಿನ ಚೀಟಿಗೆ "ಬಿಗಿ ಇಲ್ಲ" ಅಂತ ಕೆಂಪು ಶಾಯಿಯಲ್ಲಿ ಬರೆದು ದಾರ ಕಟ್ಟಿದ್ದೇನೆ. ಬಿಗಿ ಸಡಿಲಿಸಿದ ಕೂಡಲೇ ಅದು ಸ್ವಿಚ್ಚಿನ ಮೇಲೆ ತೂಗುತ್ತದೆ. ಬಿಗಿ ಕೊಟ್ಟ ಮೇಲೆಯೇ ಗೋಡೆಯ ಮೊಳೆಗೆ ವಾಪಸ್ ಹೋಗುತ್ತದೆ.